ಮುಚ್ಚಳ ತೆಗೆದರೆ ಲ್ಯಾಪ್‌ಟಾಪ್ ತಾನಾಗಿ ಆನ್ ಆಗಬೇಕೇ?

ರಂಜಾನ್ ಹಬ್ಬಕ್ಕೆ ಎರಡು ದಿನ ಇರುವಾಗ ನಮ್ಮ ಮನೆಯಲ್ಲಿ ಶುಚಿ ಮಾಡುವ ಕೆಲಸ ಜೋರಾಗಿತ್ತು. ಪರದೆ, ಫ್ಯಾನು, ಕಿಟಕಿಯ ಸರಳು ಎಲ್ಲಾ ಮುಗಿದ ಮೇಲೆ ಅಮ್ಮಿಯ ಕಣ್ಣು ಲ್ಯಾಪ್‌ಟಾಪ್ ಮೇಲೆ ಬಿತ್ತು. ಅದು ಅಬ್ಬಾ ಅವರ ಪ್ಲೈವುಡ್ ಅಂಗಡಿಯದು. ಬಿಲ್ ಕೆಲಸ ಬಾಕಿ ಇದ್ದ ದಿನ ರಾತ್ರಿ ಮನೆಗೆ ತರುತ್ತಾರೆ. ಅಂಗಡಿಯ ಮರದ ಪುಡಿ ಕೀಲಿಗಳ ಸಂದಿಯಲ್ಲೆಲ್ಲ ಕೂತಿರುತ್ತದೆ. ಅಬ್ಬಾ ಕೆಲಸ ಮುಗಿಸಿ ಸರಿಯಾಗಿ ಶಟ್ ಡೌನ್ ಮಾಡಿಯೇ ಮುಚ್ಚಿಡುವವರು. ಇದು ಅಮ್ಮಿಗೂ ಗೊತ್ತು. ಹಾಗಾಗಿ ಅವರು ಧೈರ್ಯವಾಗಿ ಮುಚ್ಚಳ ತೆಗೆದರು, ಬೋರಲು ಹಾಕಿ ಪುಡಿ ಉದುರಿಸಿದರು, ಆಮೇಲೆ ಒದ್ದೆ ಬಟ್ಟೆಯಿಂದ ಕೀಬೋರ್ಡ್ ಒರೆಸಿದರು.

ನಾನು ಕೋಣೆಗೆ ಬಂದಾಗ ಪರದೆ ಉರಿಯುತ್ತಿತ್ತು. ಪಿನ್ ತುಂಬಾ ಸಲ ತಪ್ಪಾಗಿದೆ, ಮುಂದುವರಿಯಲು ಎ-1-ಬಿ-2-ಸಿ-3 ಎಂದು ಟೈಪ್ ಮಾಡಿ ಅಂತ ವಿಂಡೋಸ್ ಕೇಳುತ್ತಿತ್ತು. ಬಟ್ಟೆ ಓಡಾಡಿದ ಕಡೆಯೆಲ್ಲ ಅಂಕಿಗಳು ಒತ್ತಿಹೋಗಿ, ಅಮ್ಮಿಗೇ ತಿಳಿಯದೆ ಅವರು ಹಲವು ಸಲ ತಪ್ಪು ಪಿನ್ ಕೊಟ್ಟಿದ್ದರು! ಆಗ ನಾನು ನಕ್ಕುಬಿಟ್ಟೆ. ಮರುದಿನ ನಗು ಬರಲಿಲ್ಲ. ಸೊನ್ನೆ ಮತ್ತು ಎಂಟರ್ ಕೀಲಿಗಳು ಸತ್ತುಹೋಗಿದ್ದವು. ಬಿಲ್ ಬರೆಯುವವರಿಗೆ ಸೊನ್ನೆ ಇಲ್ಲದಿದ್ದರೆ ಏನು ಗತಿ, ಕಾಮರ್ಸ್‌ನವರಿಗೆ ಹೇಳಬೇಕಾಗಿಲ್ಲ. ಕೀಬೋರ್ಡ್ ಬದಲಿಸಲು 1,800 ರೂಪಾಯಿ ಆಯಿತು.

ಅಬ್ಬಾ ಬೈಯಲಿಲ್ಲ. ಆದರೆ ಅಮ್ಮಿ ತಮ್ಮನ್ನು ತಾವೇ ಬೈದುಕೊಂಡರು. "ನನಗೆ ಓದು ಬರಲ್ಲ, ಅದಕ್ಕೇ ಹೀಗಾಯ್ತು" ಅಂದರು. ಅಷ್ಟರವರೆಗೆ ಅವರು ಅದೇ ಲ್ಯಾಪ್‌ಟಾಪಿನಲ್ಲಿ ತಮ್ಮ ಹೊಲಿಗೆಯ ಲೆಕ್ಕ ಬರೆಯಲು ನನ್ನಿಂದ ಕಲಿಯುತ್ತಿದ್ದರು. ಯಾರ ಬ್ಲೌಸು, ಎಷ್ಟು ಮುಂಗಡ, ಎಷ್ಟು ಬಾಕಿ ಎಂದು ಮೂರು ಕಾಲಂ. ಅದನ್ನು ನಿಲ್ಲಿಸಿಬಿಟ್ಟರು. ಮತ್ತೆ ನೋಟ್‌ಬುಕ್, ಮತ್ತೆ ಪೆನ್ಸಿಲ್. ನನಗೆ ಬೇಜಾರಾಗಿದ್ದು 1,800 ರೂಪಾಯಿಗಲ್ಲ, ಇದಕ್ಕೆ. ಅಮ್ಮಿಯ ನಿಯ್ಯತ್ ಒರೆಸುವುದಾಗಿತ್ತು, ಆನ್ ಮಾಡುವುದಲ್ಲ. ಅವರು ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ಹಾಗಿದ್ದರೆ ಅದನ್ನು ಆನ್ ಮಾಡಿದವರು ಯಾರು? ಇದನ್ನು ತಿಳಿಯಲು ಹೊರಟು ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಮುಚ್ಚಳ ತೆರೆದದ್ದು ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ? ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹಿಂಜಿನ ಹತ್ತಿರ ಒಂದು ಸಣ್ಣ ಕಡ್ಡಿಯಂತಹ ಸ್ವಿಚ್ ಇರುತ್ತಿತ್ತು, ಮುಚ್ಚಿದಾಗ ಅದು ಒತ್ತಿಹೋಗುತ್ತಿತ್ತು. ಈಗ ಹೆಚ್ಚಿನವುಗಳಲ್ಲಿ ಪರದೆಯ ಚೌಕಟ್ಟಿನೊಳಗೆ ಒಂದು ಚಿಕ್ಕ ಅಯಸ್ಕಾಂತವೂ ಕೆಳಭಾಗದಲ್ಲಿ ಹಾಲ್ ಸೆನ್ಸರ್ ಎಂಬ ಪುಟ್ಟ ಚಿಪ್ಪೂ ಇರುತ್ತವೆ. ವಿದ್ಯುತ್ ಹರಿಯುವ ವಾಹಕದ ಪಕ್ಕ ಅಯಸ್ಕಾಂತ ಬಂದರೆ ಅದರ ಅಡ್ಡಕ್ಕೆ ಸ್ವಲ್ಪ ವೋಲ್ಟೇಜ್ ಹುಟ್ಟುತ್ತದೆ ಎಂದು ಎಡ್ವಿನ್ ಹಾಲ್ ಎಂಬ ಅಮೆರಿಕದ ವಿಜ್ಞಾನಿ 1879ರಲ್ಲಿ ಕಂಡುಹಿಡಿದರು. ಆ ಹೆಸರೇ ಇದಕ್ಕೆ. ಮುಚ್ಚಳ ಮುಚ್ಚಿದಾಗ ಅಯಸ್ಕಾಂತ ಹತ್ತಿರ, ತೆರೆದಾಗ ದೂರ. ಅಷ್ಟೇ ಲೆಕ್ಕ. ಅಯಸ್ಕಾಂತ ಇರುವ ಮೊಬೈಲ್ ಕವರನ್ನು ಕೀಬೋರ್ಡಿನ ಅಂಚಿನಲ್ಲಿ ಇಟ್ಟಾಗ ಕೆಲವರ ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ಕಪ್ಪಾಗುವುದು ಇದೇ ಕಾರಣಕ್ಕೆ. ಮುಚ್ಚಳ ಮುಚ್ಚಿತು ಎಂದು ಅದು ನಂಬಿಬಿಡುತ್ತದೆ. ನೀವು ಯಾವ ಉದ್ದೇಶಕ್ಕೆ ತೆರೆದಿರಿ, ಕೆಲಸಕ್ಕೋ, ಒರೆಸುವುದಕ್ಕೋ, ಒಳಗೆ ಇಟ್ಟ ರಸೀದಿ ತೆಗೆಯುವುದಕ್ಕೋ ಎಂಬುದು ಅಯಸ್ಕಾಂತಕ್ಕೆ ಗೊತ್ತಾಗುವ ವಿಷಯವಲ್ಲ.

ಎರಡನೆಯ ಪ್ರಶ್ನೆ ನನಗೆ ಇನ್ನೂ ವಿಚಿತ್ರವಾಗಿ ಕಂಡಿತು. ಶಟ್ ಡೌನ್ ಆದ ಲ್ಯಾಪ್‌ಟಾಪಿನಲ್ಲಿ ಆ ಸೆನ್ಸರನ್ನು ನೋಡುತ್ತಾ ಕೂತಿರುವವರು ಯಾರು? ನಮ್ಮ ಕಂಪ್ಯೂಟರ್ ಸೈನ್ಸ್ ಸರ್ ಅವರನ್ನು ಕೇಳಿದೆ. ಅವರು ಬೋರ್ಡಿನ ಮೇಲೆ ಎಸ್-0ಯಿಂದ ಎಸ್-5ರವರೆಗೆ ಬರೆದರು. ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಕಂಪನಿಗಳು ಸೇರಿ 1996ರಲ್ಲಿ ಎಸಿಪಿಐ ಎಂಬ ನಿಯಮಾವಳಿ ಹೊರತಂದವು. ಕಂಪ್ಯೂಟರ್ ಯಾವ ಯಾವ ಸ್ಥಿತಿಯಲ್ಲಿ ಇರಬಹುದು ಎಂದು ಅದರಲ್ಲಿ ಹೇಳಿದೆ. ಎಸ್-0 ಎಂದರೆ ಕೆಲಸ ಮಾಡುತ್ತಿರುವುದು, ಎಸ್-3 ನಿದ್ದೆ, ಎಸ್-4 ಹೈಬರ್ನೇಟ್. ನಾವು ಶಟ್ ಡೌನ್ ಎನ್ನುವುದು ಎಸ್-5. ಅದರ ಹೆಸರು "ಸಾಫ್ಟ್ ಆಫ್". ಪೂರ್ತಿ ಆಫ್ ಎಂಬುದು ಬೇರೆಯೇ ಇದೆ, ಅದು ಪ್ಲಗ್ಗೂ ಬ್ಯಾಟರಿಯೂ ಎರಡೂ ಇಲ್ಲದ ಸ್ಥಿತಿ.

ಅಂದರೆ ನಾವು ಆಫ್ ಎಂದುಕೊಂಡಾಗಲೂ ಒಳಗೆ ಎಂಬೆಡೆಡ್ ಕಂಟ್ರೋಲರ್ ಎಂಬ ಒಂದು ಸಣ್ಣ ಚಿಪ್ ಎಚ್ಚರವಾಗಿಯೇ ಇರುತ್ತದೆ. ನಮ್ಮ ಬೀದಿಯ ರಾತ್ರಿ ಗೂರ್ಖಾನ ಹಾಗೆ ಅಂತ ಸರ್ ಹೇಳಿದರು. ಪವರ್ ಬಟನ್ ಒತ್ತಿದಿರಾ, ಚಾರ್ಜರ್ ಹಾಕಿದಿರಾ, ಮುಚ್ಚಳ ತೆಗೆದಿರಾ ಎಂದು ಅದು ನೋಡುತ್ತಿರುತ್ತದೆ. ಪವರ್ ಬಟನ್ ಕೂಡ ನಮ್ಮ ಮನೆಯ ಗೋಡೆಯ ಸ್ವಿಚ್ಚಿನಂತೆ ಕರೆಂಟನ್ನು ಕಡಿಯುವುದಿಲ್ಲ. ಅದು ಗೂರ್ಖಾನಿಗೆ ಕೂಗುವ ಒಂದು ಕೂಗು ಮಾತ್ರ. ಹಾಗಾಗಿ ಮುಚ್ಚಳವನ್ನೂ ಎರಡನೆಯ ಪವರ್ ಬಟನ್ ಮಾಡುವುದು ತಯಾರಕರಿಗೆ ಕಷ್ಟದ ಕೆಲಸವೇ ಅಲ್ಲ. ಹೊಸ ಭಾಗ ಬೇಡ. ಒಂದು ಸೆಟ್ಟಿಂಗ್ ಸಾಕು.

(ಇಲ್ಲಿ ಒಂದು ಅಡ್ಡ ಮಾತು. ವಿಂಡೋಸ್ 8 ಬಂದ 2012ರಿಂದ ಫಾಸ್ಟ್ ಸ್ಟಾರ್ಟಪ್ ಎಂಬುದು ಇದೆ. ಅದು ಚಾಲೂ ಇದ್ದರೆ ಶಟ್ ಡೌನ್ ಮಾಡಿದಾಗ ವಿಂಡೋಸ್ ತನ್ನ ಮುಖ್ಯ ಭಾಗವನ್ನು ಡಿಸ್ಕಿನಲ್ಲಿ ಉಳಿಸಿಟ್ಟುಕೊಂಡು ಮಲಗುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಕೊಟ್ಟಾಗ. ಲ್ಯಾಬಿನಲ್ಲಿ ಸಿಸ್ಟಂ ಹ್ಯಾಂಗ್ ಆದರೆ ಸರ್ "ಶಟ್ ಡೌನ್ ಬೇಡ, ರೀಸ್ಟಾರ್ಟ್ ಕೊಡಿ" ಎನ್ನುವುದು ಯಾಕೆ ಎಂದು ನನಗೆ ಆ ದಿನ ಅರ್ಥವಾಯಿತು.)

ಈಗ ಯಾವ ಕಂಪನಿ ಏನು ಮಾಡಿದೆ ಎಂದು ನೋಡೋಣ. ಪುಸ್ತಕದಂತೆ ಮಡಚುವ ಕಂಪ್ಯೂಟರ್ 1982ರಲ್ಲೇ ಬಂದಿತ್ತು. ಬಿಲ್ ಮೊಗ್ರಿಜ್ ಎಂಬ ವಿನ್ಯಾಸಕಾರರು ರೂಪಿಸಿದ ಗ್ರಿಡ್ ಕಂಪಾಸ್ ಅದರ ಹೆಸರು. ಆ ಮೇಲೆ ಎಷ್ಟೋ ವರ್ಷ ಮುಚ್ಚಳ ಬರೀ ಮುಚ್ಚಳವಾಗಿಯೇ ಇತ್ತು, ಹೆಚ್ಚೆಂದರೆ ಮಲಗಿದ ಯಂತ್ರವನ್ನು ಎಬ್ಬಿಸುತ್ತಿತ್ತು. ಆಪಲ್ ಕಂಪನಿ 2016ರ ಕೊನೆಯಲ್ಲಿ ತಂದ ಮ್ಯಾಕ್‌ಬುಕ್ ಪ್ರೋನಲ್ಲಿ, ಪೂರ್ತಿ ಆಫ್ ಮಾಡಿದ್ದರೂ ಮುಚ್ಚಳ ತೆಗೆದರೆ ಅಥವಾ ಚಾರ್ಜರ್ ಹಾಕಿದರೆ ತಾನೇ ಆನ್ ಆಗುವಂತೆ ಮಾಡಿತು. ಅದೇ ಮಾದರಿಯಲ್ಲಿ ಆನ್ ಆಗುವಾಗ ಬರುತ್ತಿದ್ದ ಹಳೆಯ "ಡಂಂ" ಶಬ್ದವನ್ನೂ ತೆಗೆದುಹಾಕಿತು. ಅಂದರೆ ಕೇಳದೆ ಆನ್ ಆಗುವುದೂ, ಆನ್ ಆದದ್ದು ಕಿವಿಗೆ ಕೇಳದಿರುವುದೂ ಒಟ್ಟಿಗೇ ಬಂದವು. ಶಬ್ದ 2020ರ ಬಿಗ್ ಸರ್ ಆವೃತ್ತಿಯಲ್ಲಿ ವಾಪಸ್ ಬಂತು. ತಾನಾಗಿ ಆನ್ ಆಗುವುದು ಮುಂದುವರಿಯಿತು. ಆಪಲ್ ತನ್ನದೇ ಚಿಪ್ ಹಾಕಿದ ಮ್ಯಾಕ್‌ಗಳಿಗೆ, 2024ರ ಸಿಕ್ವೊಯಾ ಆವೃತ್ತಿಯಿಂದ ಮೂರು ಆಯ್ಕೆ ಕೊಟ್ಟಿದೆ: ಮುಚ್ಚಳಕ್ಕೆ ಮಾತ್ರ ಬೇಡ, ಚಾರ್ಜರಿಗೆ ಮಾತ್ರ ಬೇಡ, ಎರಡಕ್ಕೂ ಬೇಡ. ಆದರೆ ಇವನ್ನು ಟರ್ಮಿನಲ್ ತೆರೆದು ಒಂದು ಸಾಲು ಆಜ್ಞೆ ಟೈಪ್ ಮಾಡಿ ಹೇಳಬೇಕು. ನಮ್ಮ ಅಮ್ಮಿಯನ್ನು ಬಿಡಿ, ನಮ್ಮ ಕ್ಲಾಸಿನಲ್ಲಿ ಎಷ್ಟು ಜನ ಟರ್ಮಿನಲ್ ತೆರೆದಿದ್ದೇವೆ?

ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಇದು ಕಂಪನಿಯಿಂದ ಕಂಪನಿಗೆ, ಮಾದರಿಯಿಂದ ಮಾದರಿಗೆ ಬೇರೆ. ಲೆನೊವೊದ ಕೆಲವು ಮಾದರಿಗಳಲ್ಲಿ ಫ್ಲಿಪ್ ಟು ಬೂಟ್ ಎಂದೂ, ಡೆಲ್‌ನ ಕೆಲವದರಲ್ಲಿ ಪವರ್ ಆನ್ ಲಿಡ್ ಓಪನ್ ಎಂದೂ ಹೆಸರು. ಇರುವುದು ಬಯೋಸ್‌ನಲ್ಲಿ. ಅಂದರೆ ವಿಂಡೋಸ್ ಶುರುವಾಗುವ ಮೊದಲೇ ಎಫ್-2 ಅಥವಾ ಆ ಕಂಪನಿಯ ಬೇರೆ ಕೀಲಿ ಒತ್ತಿ ಹೋಗುವ ಜಾಗದಲ್ಲಿ.

ನಮ್ಮದು ಯಾವ ಕಂಪನಿ ಎಂದು ಹೇಳುವುದಿಲ್ಲ, ಅದು ಮುಖ್ಯವೂ ಅಲ್ಲ. ಅದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಬ್ಬಾ ತಂದ ಸೆಕೆಂಡ್ ಹ್ಯಾಂಡ್. ಅಂಗಡಿಯವರು ಎಲ್ಲವನ್ನೂ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಕೊಟ್ಟಿದ್ದರು. ಅದಕ್ಕೇ ಹಳೆಯದು ಏನೂ ಉಳಿದಿಲ್ಲ ಎಂದುಕೊಂಡಿದ್ದೆವು. ಆದರೆ ಬಯೋಸ್ ಸೆಟ್ಟಿಂಗ್ ಡಿಸ್ಕಿನಲ್ಲಿ ಇರುವುದಿಲ್ಲ, ಮದರ್‌ಬೋರ್ಡಿನ ಚಿಪ್ಪಿನಲ್ಲಿ ಇರುತ್ತದೆ. ವಿಂಡೋಸ್ ಹತ್ತು ಸಲ ಹಾಕಿದರೂ ಅದು ಹಾಗೇ ಇರುತ್ತದೆ. ಹೀಗಾಗಿ ತಯಾರಕರೋ ಹಳೆಯ ಮಾಲೀಕರೋ ಮಾಡಿದ ಒಂದು ಆಯ್ಕೆ ನಮ್ಮ ಮನೆಗೆ ಬಂದು ಕೂತಿತ್ತು. ಅದು ಇದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಬ್ಬಾ ಯಾವಾಗಲೂ ಮುಚ್ಚಳ ತೆಗೆದ ಕೂಡಲೇ ಅಭ್ಯಾಸಬಲದಿಂದ ಬಟನ್ ಒತ್ತುತ್ತಿದ್ದರು, ತಾನು ಒತ್ತಿದ್ದಕ್ಕೇ ಆನ್ ಆಯಿತು ಎಂದುಕೊಳ್ಳುತ್ತಿದ್ದರು!

ಇದನ್ನೇ ಅರ್ಥಶಾಸ್ತ್ರದಲ್ಲಿ ಡಿಫಾಲ್ಟ್ ಎನ್ನುತ್ತಾರೆ. ನಾವು ಏನೂ ಮಾಡದಿದ್ದರೆ ಏನಾಗುತ್ತದೋ ಅದು. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್, ಕಾಸ್ ಸನ್‌ಸ್ಟೀನ್ ಜೊತೆ 2008ರಲ್ಲಿ ಬರೆದ "ನಜ್" ಎಂಬ ಪುಸ್ತಕದ ಮುಖ್ಯ ವಿಷಯಗಳಲ್ಲಿ ಇದೂ ಒಂದು. ಜನ ಡಿಫಾಲ್ಟನ್ನು ಬದಲಿಸುವುದು ತೀರಾ ಕಡಿಮೆ. ಇದಕ್ಕೆ ಹೆಸರಾದ ಉದಾಹರಣೆ 2003ರಲ್ಲಿ ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ ಪ್ರಕಟಿಸಿದ ಹೋಲಿಕೆ. ಅಂಗಾಂಗ ದಾನಕ್ಕೆ ಒಪ್ಪಿಗೆ ಇದ್ದವರು ಜರ್ಮನಿಯಲ್ಲಿ ಶೇ. 12, ಪಕ್ಕದ ಆಸ್ಟ್ರಿಯಾದಲ್ಲಿ ಶೇ. 99ಕ್ಕೂ ಹೆಚ್ಚು. ಎರಡೂ ಕಡೆ ಜರ್ಮನ್ ಭಾಷೆಯೇ. ಜನರ ಮನಸ್ಸು ಅಷ್ಟೊಂದು ಬೇರೆ ಇರಲಾರದು. ವ್ಯತ್ಯಾಸ ಇದ್ದದ್ದು ನಿಯಮದಲ್ಲಿ: ಒಂದು ಕಡೆ "ಬೇಕು" ಎನ್ನುವವರು ಹೇಳಬೇಕು, ಇನ್ನೊಂದು ಕಡೆ "ಬೇಡ" ಎನ್ನುವವರು ಹೇಳಬೇಕು. ಆಸ್ಟ್ರಿಯಾದ ಶೇ. 99 ಜನರೂ ಕೂತು ಯೋಚಿಸಿ ಹೂಂ ಅಂದವರಲ್ಲ, ಬೇಡ ಎಂದು ಹೇಳದೇ ಇದ್ದವರು. ಮುಚ್ಚಳದ ವಿಷಯ ಅಷ್ಟು ದೊಡ್ಡದಲ್ಲ, ಒಪ್ಪುತ್ತೇನೆ. ಆದರೆ ಲ್ಯಾಪ್‌ಟಾಪ್ ಹೀಗೆ ಆನ್ ಆಗುವುದನ್ನು ಯಾರೂ ಬದಲಿಸುತ್ತಿಲ್ಲ, ಆದ್ದರಿಂದ ಎಲ್ಲರಿಗೂ ಇಷ್ಟ ಎಂದು ಯಾರಾದರೂ ಹೇಳಿದರೆ ಆಸ್ಟ್ರಿಯಾ ಜರ್ಮನಿಯನ್ನು ನೆನಪಿಸಬಹುದು.

ನನ್ನ ಬೆಂಚಿನ ಗೆಳತಿ ಇದಕ್ಕೆ ಒಪ್ಪಲಿಲ್ಲ. "ಮುಚ್ಚಳ ತೆಗೆಯೋದು ಕೆಲಸ ಮಾಡೋದಕ್ಕೇ ತಾನೇ? ನೂರರಲ್ಲಿ ತೊಂಬತ್ತೊಂಬತ್ತು ಸಲ ಅದೇ. ಫ್ರಿಜ್ಜಿನ ಬಾಗಿಲು ತೆಗೆದರೆ ದೀಪ ಹತ್ತಲ್ವಾ? ಅದಕ್ಕೆ ಯಾಕೆ ನಿನ್ನ ತಕರಾರಿಲ್ಲ?" ಅಂದಳು. ಆ ದಿನ ನನ್ನ ಬಳಿ ಉತ್ತರ ಇರಲಿಲ್ಲ. ರಾತ್ರಿ ಫ್ರಿಜ್ಜಿನಿಂದ ನೀರಿನ ಬಾಟಲಿ ತೆಗೆಯುವಾಗ ಹೊಳೆಯಿತು. ಫ್ರಿಜ್ಜಿನ ಬಾಗಿಲು ಮುಚ್ಚಿದರೆ ದೀಪ ಆರಿಹೋಗುತ್ತದೆ. ತೆರೆದದ್ದಕ್ಕೂ ಮುಚ್ಚಿದ್ದಕ್ಕೂ ಲೆಕ್ಕ ಸರಿಹೋಗುತ್ತದೆ, ನಮ್ಮ ಡೆಬಿಟ್ ಕ್ರೆಡಿಟ್ ಹಾಗೆ. ಲ್ಯಾಪ್‌ಟಾಪ್ ಹಾಗಲ್ಲ. ಆಫ್ ಆಗಿದ್ದದ್ದನ್ನು ಒಂದು ಸಲ ತೆರೆದು ಮುಚ್ಚಿದರೆ ಅದು ಮತ್ತೆ ಆಫ್ ಆಗುವುದಿಲ್ಲ. ಸಾಮಾನ್ಯವಾಗಿ ನಿದ್ದೆಗೆ ಹೋಗುತ್ತದೆ, ಅಷ್ಟೇ. ಅಬ್ಬಾ ಮಾಡಿದ ಶಟ್ ಡೌನ್ ಮುಚ್ಚಳ ತೆಗೆದ ಒಂದು ಕ್ಷಣಕ್ಕೆ ರದ್ದಾಗುತ್ತದೆ, ಮುಚ್ಚಿದರೆ ವಾಪಸ್ ಬರುವುದಿಲ್ಲ. ಆಮೇಲೆ ಬ್ಯಾಗಿನೊಳಗೆ ಬ್ಯಾಟರಿ ಕರಗುತ್ತಾ ಇರುತ್ತದೆ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಿದ್ದೆಯಲ್ಲೂ ಹಿನ್ನೆಲೆ ಕೆಲಸ ನಡೆಯುತ್ತದೆ, ಬ್ಯಾಗು ಬೆಚ್ಚಗಾಗುವುದೂ ಉಂಟು. ತೆರೆದಾಗ ಆನ್ ಆಗುವುದೇ ಸರಿ ಎನ್ನುವವರು, ಹಾಗೆ ತಾನಾಗಿ ಆನ್ ಆದದ್ದು ಯಾರೂ ಲಾಗಿನ್ ಆಗದೆ ಮುಚ್ಚಿದರೆ ತಾನಾಗಿ ಆಫ್ ಆಗಲಿ ಎಂದೂ ಹೇಳಬೇಕಲ್ಲವೇ? ಇದನ್ನು ಹೇಳಿದಾಗ ಗೆಳತಿ "ಇದು ಪಾಯಿಂಟ್" ಅಂದಳು. ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ.

ಲಾಭ ನಷ್ಟ ಕೂಡ ಹಾಕಿ ನೋಡಿದೆ. ಬಟನ್ ಒತ್ತಲು ಒಂದು ಸೆಕೆಂಡ್. ದಿನಕ್ಕೆ ಎರಡು ಸಲ, ವರ್ಷಕ್ಕೆ 300 ದಿನ ಎಂದರೆ 600 ಸೆಕೆಂಡ್. ಅಂದರೆ ವರ್ಷಕ್ಕೆ ಹತ್ತು ನಿಮಿಷ ಉಳಿತಾಯ. ನಮ್ಮ ಮನೆಯ ಮಟ್ಟಿಗೆ ಇನ್ನೊಂದು ಕಡೆ 1,800 ರೂಪಾಯಿ ಮತ್ತು ಅಮ್ಮಿಯ ಮೂರು ಕಾಲಂ. (ಈ 1,800ನ್ನು ಅಂಗಡಿಯ ರಿಪೇರಿ ಖಾತೆಗೆ ಹಾಕಬೇಕೋ, ಮನೆಯಲ್ಲಿ ಆದದ್ದು ಎಂದು ಡ್ರಾಯಿಂಗ್ಸ್‌ಗೆ ಹಾಕಬೇಕೋ ಎಂದು ಅಕೌಂಟೆನ್ಸಿ ಮೇಡಂ ಅವರನ್ನು ಕೇಳಿದೆ. "ಒರೆಸಿದ್ದು ಅಂಗಡಿಯ ಮರದ ಪುಡಿಯನ್ನೇ ತಾನೇ, ರಿಪೇರಿಗೇ ಹಾಕು" ಎಂದು ನಕ್ಕರು.)

ಅಮ್ಮಿಯ ಕಡೆಯೂ ತಪ್ಪಿಲ್ಲವೇ ಇಲ್ಲ ಎಂದು ನಾನು ಹೇಳಿದರೆ ಅದು ಪಕ್ಷಪಾತವಾದೀತು. ರಿಪೇರಿಯವರನ್ನು ಬಿಡಿಸಿ ಕೇಳಿದೆ. ಒದ್ದೆ ಬಟ್ಟೆ ಯಾವಾಗಲೂ ಬೇಡ ಎಂದರು. ಬಟ್ಟೆಯನ್ನು ಚೆನ್ನಾಗಿ ಹಿಂಡಿ ಬರೀ ತೇವ ಉಳಿಸಿಕೊಳ್ಳಬೇಕು, ನೀರನ್ನು ಕೀಬೋರ್ಡಿನ ಮೇಲೆ ನೇರವಾಗಿ ಚಿಮುಕಿಸಬಾರದು, ಪುಡಿ ತೆಗೆಯಲು ಒಣ ಬ್ರಷ್ ಸಾಕು. ಆದರೆ ಇನ್ನೊಂದು ಮಾತನ್ನೂ ಹೇಳಿದರು. ಆಫ್ ಇದ್ದಾಗ ಬಿದ್ದ ಎರಡು ಹನಿ ಎಷ್ಟೋ ಸಲ ಒಣಗಿ ಹೋಗುತ್ತದೆ, ಕರೆಂಟ್ ಹರಿಯುವಾಗ ಬಿದ್ದರೆ ಒಳಗಿನ ಗೆರೆಗಳು ಬೇಗ ತುಕ್ಕು ಹಿಡಿದು ಕಡಿದುಹೋಗುತ್ತವೆ. ಅವರು ಯಾವ ಲ್ಯಾಪ್‌ಟಾಪ್ ಬಿಚ್ಚಿದರೂ ಮೊದಲು ಮಾಡುವ ಕೆಲಸ ಬ್ಯಾಟರಿಯ ವೈರ್ ಕಳಚುವುದಂತೆ. ಹಿಂದೆ ಬ್ಯಾಟರಿ ಹೊರಗಿನಿಂದಲೇ ಕಳಚುತ್ತಿತ್ತು, ನಾವೂ ತೆಗೆದಿಡಬಹುದಿತ್ತು. ಈಗ ಅದು ಒಳಗೆ, ಸ್ಕ್ರೂಗಳ ಹಿಂದೆ. ನಂಬಬಹುದಾದ ಆಫ್ ನಮ್ಮ ಕೈಯಿಂದ ಹೋಯಿತು. ಉಳಿದದ್ದು ಸಾಫ್ಟ್ ಆಫ್ ಮಾತ್ರ. ಅದನ್ನೂ ಮುಚ್ಚಳವೇ ಮುರಿಯುವುದಾದರೆ ಆಫ್ ಎಂಬ ಮಾತಿಗೆ ಬೆಲೆ ಏನು?

ಇಷ್ಟೆಲ್ಲ ತಿಳಿದ ಮೇಲೆ ನಾನು ಬಯೋಸ್‌ಗೆ ಹೋಗಿ ಆ ಸೆಟ್ಟಿಂಗನ್ನು ಆಫ್ ಮಾಡಿ, ಸೇವ್ ಮಾಡಿ ಹೊರಬಂದೆ. ಗೆದ್ದೆ ಎಂದುಕೊಂಡೆ. ಆ ಶುಕ್ರವಾರ ಕಾಲೇಜಿನಿಂದ ಮನೆಗೆ ಬಂದರೆ ದಾದಿ ಮುಖ ಊದಿಸಿಕೊಂಡು ಕೂತಿದ್ದರು.

ಪ್ರತಿ ಶುಕ್ರವಾರ ಅಬ್ಬಾ ಅಂಗಡಿಗೆ ಅರ್ಧ ದಿನ ರಜೆ ಕೊಟ್ಟು ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟು ಜುಮ್ಮಾ ನಮಾಜಿಗೆ ಹೋಗುತ್ತಾರೆ. ಮಧ್ಯಾಹ್ನ ದಮ್ಮಾಮ್‌ನಿಂದ ಚಾಚಾ ವಿಡಿಯೋ ಕಾಲ್ ಮಾಡುತ್ತಾರೆ. ಮೊಬೈಲಿನ ಪರದೆ ದಾದಿಗೆ ಚಿಕ್ಕದು, ಮಗನ ಮುಖ ದೊಡ್ಡದಾಗಿ ಕಾಣಬೇಕು. ದಾದಿಯ ಬೆರಳುಗಳು ಸಂಧಿವಾತದಿಂದ ಬಾಗಿವೆ. ಪವರ್ ಬಟನ್ ಡಿಲೀಟ್ ಕೀಲಿಯ ಪಕ್ಕದಲ್ಲಿ, ಅದೇ ಬಣ್ಣದಲ್ಲಿ, ಅದೇ ಎತ್ತರದಲ್ಲಿದೆ. ಅದನ್ನು ಹುಡುಕಿ ಒತ್ತುವುದು ಅವರಿಂದ ಆಗದು. ಎರಡೂ ಅಂಗೈಯಿಂದ ಮುಚ್ಚಳ ಎತ್ತುವುದು ಮಾತ್ರ ಆಗುತ್ತದೆ. ಉಳಿದದ್ದು ಕ್ಯಾಮೆರಾ ಮುಖ ನೋಡಿ ತಾನೇ ತೆರೆದುಕೊಳ್ಳುತ್ತಿತ್ತು, ಕಾಲ್ ಬಂದಾಗ ಒಂದು ಕಡೆ ಒತ್ತಿದರೆ ಆಯಿತು. ಅಮ್ಮಿ ಆ ಹೊತ್ತಿಗೆ ಹೊಲಿಗೆ ಕೊಡಲು ಹೋಗಿದ್ದರು. ದಾದಿ ಮುಚ್ಚಳ ತೆಗೆದು ಕಪ್ಪು ಪರದೆಯ ಮುಂದೆ ಅರ್ಧ ಗಂಟೆ ಕೂತಿದ್ದರಂತೆ. ಅಮ್ಮಿಗೆ ತೊಂದರೆ ಕೊಟ್ಟ ಸೆಟ್ಟಿಂಗ್ ದಾದಿಗೆ ಕೈಗೋಲಾಗಿತ್ತು. ಅದನ್ನು ನಾನು ಯಾರನ್ನೂ ಕೇಳದೆ ತೆಗೆದುಹಾಕಿದ್ದೆ, ಯಾರನ್ನು ಬೈಯುತ್ತಿದ್ದೆನೋ ಅವರ ಹಾಗೆಯೇ.

ಮತ್ತೆ ಸರ್ ಹತ್ತಿರ ಹೋದೆ. ಅವರು ಆ ಎಸ್-3 ಮತ್ತು ಎಸ್-5ರ ಕೆಳಗೆ ಗೆರೆ ಎಳೆದು "ಎಬ್ಬಿಸುವುದು ಬೇರೆ, ಆನ್ ಮಾಡುವುದು ಬೇರೆ" ಎಂದರು. ಮಲಗಿಸಿಟ್ಟ ಲ್ಯಾಪ್‌ಟಾಪ್ ಮುಚ್ಚಳ ತೆಗೆದರೆ ಏಳುವುದು ಒಂದು. ಆಫ್ ಮಾಡಿಟ್ಟದ್ದು ಮುಚ್ಚಳ ತೆಗೆದರೆ ಆನ್ ಆಗುವುದು ಇನ್ನೊಂದು. ನಾನು ತೆಗೆದದ್ದು ಎರಡನೆಯದನ್ನು. ಮೊದಲನೆಯದು ಇನ್ನೂ ಇದೆ. ನಿದ್ದೆಗೆ ಕಳಿಸಿದವರು ಮತ್ತೆ ಬರುತ್ತೇನೆ ಎಂದು ಹೇಳಿಯೇ ಕಳಿಸಿರುತ್ತಾರೆ, ಶಟ್ ಡೌನ್ ಮಾಡಿದವರು ಹಾಗೆ ಹೇಳಿರುವುದಿಲ್ಲ. ಹಾಗಾಗಿ ಈಗ ನನ್ನ ಅಭಿಪ್ರಾಯ ಇದು: ಮಲಗಿದ ಲ್ಯಾಪ್‌ಟಾಪ್ ಮುಚ್ಚಳಕ್ಕೆ ಏಳಲಿ, ಆಫ್ ಆದದ್ದು ಏಳಬಾರದು. ಬೇಕಾದವರು ಮಾತ್ರ ಅದನ್ನು ಚಾಲೂ ಮಾಡಿಕೊಳ್ಳಲಿ, ಮತ್ತು ಆ ಆಯ್ಕೆ ಬಯೋಸ್‌ನಲ್ಲಾಗಲಿ ಟರ್ಮಿನಲ್‌ನಲ್ಲಾಗಲಿ ಅಡಗಿ ಕೂರದೆ, ಮೊದಲ ಸಲ ಲ್ಯಾಪ್‌ಟಾಪ್ ಸಿದ್ಧಪಡಿಸುವಾಗ ಭಾಷೆ, ವೈಫೈ ಕೇಳುವ ಹಾಗೆ ಒಂದು ಪ್ರಶ್ನೆಯಾಗಿ ಬರಲಿ. ಗೆಳತಿ ಇನ್ನೂ ಪೂರ್ತಿ ಒಪ್ಪಿಲ್ಲ. ಪವರ್ ಬಟನ್ನನ್ನೇ ದೊಡ್ಡದಾಗಿ, ಬೇರೆ ಬಣ್ಣದಲ್ಲಿ ಮಾಡಿದ್ದರೆ ದಾದಿಯ ಸಮಸ್ಯೆಯೇ ಬರುತ್ತಿರಲಿಲ್ಲ ಎನ್ನುತ್ತಾಳೆ. ಅದೂ ನಿಜ.

ನಿಮ್ಮ ಮನೆಯ ಲ್ಯಾಪ್‌ಟಾಪ್ ಯಾವ ಜಾತಿಯದು ಎಂದು ತಿಳಿಯಲು ಒಂದು ನಿಮಿಷ ಸಾಕು. ಶಟ್ ಡೌನ್ ಮಾಡಿ, ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಏನನ್ನೂ ಒತ್ತದೆ ಮುಚ್ಚಳ ತೆಗೆದು ಹತ್ತರವರೆಗೆ ಎಣಿಸಿ. ಚಾರ್ಜರ್ ಹಾಕಿ ಒಂದು ಸಲ, ತೆಗೆದು ಒಂದು ಸಲ ನೋಡಿ.

ಈಗ ಅಬ್ಬಾ ಶುಕ್ರವಾರ ಮಾತ್ರ ಶಟ್ ಡೌನ್ ಮಾಡದೆ ಸ್ಲೀಪ್‌ನಲ್ಲಿ, ಚಾರ್ಜರಿಗೆ ಹಾಕಿ ಹೋಗುತ್ತಾರೆ. ದಾದಿ ಎರಡು ಅಂಗೈಯಿಂದ ಮುಚ್ಚಳ ಎತ್ತಿದರೆ ಚಾಚಾಗೆ ಕಾಯಲು ಪರದೆ ಸಿದ್ಧ. ಬೇರೆ ದಿನ ಆಫ್ ಎಂದರೆ ಆಫ್. ಹೋದ ಭಾನುವಾರ ಅಮ್ಮಿಯ ಕೈಗೆ ಒಂದು ಒಣ ಬ್ರಷ್ ಕೊಟ್ಟು ಪಕ್ಕದಲ್ಲಿ ಕೂತೆ. ಅವರು ಮುಚ್ಚಳ ತೆಗೆದು ಪರದೆಯನ್ನೇ ನೋಡುತ್ತಾ ಉರ್ದುವಿನಲ್ಲಿ ಒಂದರಿಂದ ಹತ್ತರವರೆಗೆ ಎಣಿಸಿದರು. ಕಪ್ಪಾಗಿಯೇ ಇತ್ತು. ಇನ್ನೊಂದು ಸಲ ಎಣಿಸಿದರು. ಆಮೇಲೆ ಸೊನ್ನೆಯ ಕೀಲಿಯಿಂದ ಬ್ರಷ್ ಆಡಿಸಲು ಶುರು ಮಾಡಿದರು.